ಬೋರಲು ಹಾಕಿದ ಕೊಡ

"ಹಲೋ... ಹಲೋ... ಹಾಂ, ಬಳ್ಳಾರಿನೇ. ಯಾರು ಮಾತಾಡೋದು?... ಯಾರು? ಜೋರಾಗಿ ಹೇಳ್ರೆಪ್ಪ, ಕೆಳಗ ಹತ್ತಿ ಗಿರಣಿ ನಡದೈತಿ, ಏನೂ ಕೇಳವಲ್ದು... ಜಡೆಪ್ಪನಾ? ಸಿರುಗುಪ್ಪದಿಂದಾ? ಅಯ್ಯ ನಿನ್ನ, ನೀನಾ! ಟ್ರಂಕ್ ಕಾಲ್ ಅಂದಕೂಡ್ಲೆ ಬೆಂಗಳೂರಿನವರು ಇರಬೇಕಂತ ಅಂಗಿ ಗುಂಡಿ ಹಾಕ್ಕೊಂಡು ಓಡಿ ಬಂದೆ ನೋಡು..."

ಗವಿಸಿದ್ದಪ್ಪ ಕುತ್ತಿಗೆಯ ಗುಂಡಿಯನ್ನು ಮತ್ತೆ ಬಿಚ್ಚಿದ. ಹತ್ತಿ ವ್ಯಾಪಾರಿ ವಿರೂಪಾಕ್ಷಪ್ಪನ ಗಿರಣಿಯ ಅಟ್ಟವೇ ಶುದ್ಧಜಲ ಪ್ರಚಾರ ಸಮಿತಿಯ ಕಚೇರಿ. ಅಟ್ಟ ಅವನದು, ಟೆಲಿಫೋನು ಅವನದು, ಅಧ್ಯಕ್ಷನೂ ಅವನೇ. ಗವಿಸಿದ್ದಪ್ಪ ಆ ಸಮಿತಿಯ ಚಿತ್ರಕಾರ. ಹಳ್ಳಿಗಳಲ್ಲಿ ಕೆಟ್ಟ ನೀರಿನ ಬಾವಿ ಎಲ್ಲಿದೆಯೋ ಅಲ್ಲಿ, ಇದನ್ನು ಕುಡಿಯಬೇಡಿ ಎಂದು ತಿಳಿಸುವ ಬೋರ್ಡು ಬರೆಯುವುದು ಅವನ ಕೆಲಸ, ಅವನ್ನು ಊರೂರಿಗೆ ಒಯ್ದು ನೆಡುವುದು ಜಡೆಪ್ಪನ ಕೆಲಸ. ಗವಿಸಿದ್ದಪ್ಪ ಬರೆದ ಹೊಸ ಬೋರ್ಡನ್ನು ನೋಡಿ ಅವನಿಗೆ ಶಾಲು ಹೊದಿಸಲು ಬೆಂಗಳೂರಿನಿಂದ ದೊಡ್ಡವರು ಬರುವ ದಿನ ಅದು. ಎದುರಿನ ಗೋಡೆಗೆ ನಮೂನೆಯ ಬೋರ್ಡೊಂದನ್ನು ತೂಗುಹಾಕಿದ್ದರು. ಬೆಳಿಗ್ಗೆ ವಿರೂಪಾಕ್ಷಪ್ಪನ ಹೆಂಡತಿ ಬಂದು ಅದಕ್ಕೆ ಚೆಂಡುಹೂವಿನ ಹಾರ ಹಾಕಿ, ಕುಂಕುಮ ಇಟ್ಟು, ಕಾಯಿ ಒಡೆದು ಹೋಗಿದ್ದಳು. ಆ ಕಾಯಿಯ ಹೋಳನ್ನು ಗವಿಸಿದ್ದಪ್ಪನೂ ತಿಂದಿದ್ದ.

"...ಊಟ ಆತಪ್ಪ. ನಿಂದು?... ಹಾಂ, ಆರಾಮ ಅದೀನಿ... ಲೇ, ಮೂರು ನಿಮಿಷದ ಕಾಲಿನ್ಯಾಗ ಊಟ, ಆರಾಮ ಅಂತ ಪುರಾಣ ಹಚ್ಚಬ್ಯಾಡ. ಯಾಕ ಮಾಡಿದಿ ಹೇಳು... ಹಾಂ... ಹಚ್ಚೊಳ್ಳಿಗೆ ಮತ್ತ ಹೋಗಿದ್ಯಾ? ನನ್ನ ಬೋರ್ಡು ನೋಡಿದ್ಯಾ? ಹೆಂಗ ಕಾಣತೈತಿ? ಏನಂತಾರ ಜನ?..."

"...ಕೈ ಮುಗೀತಾರಾ?... ಯಾರಿಗೆ? ಬೋರ್ಡಿಗಾ? ಖರೇನ ಹೇಳ್ತೀಯೋ, ಚ್ಯಾಷ್ಟಿ ಮಾಡ್ತೀಯೋ?"

ಗವಿಸಿದ್ದಪ್ಪ ನಕ್ಕ. ಅವನು ನಕ್ಕದ್ದನ್ನು ನೋಡಿದವರು ಬಳ್ಳಾರಿಯಲ್ಲಿ ಕಡಿಮೆ. ಬಾಯಿ ತೆರೆದರೆ ಹಾಗಲಕಾಯಿ ಎಂದೇ ಅವನ ಹೆಸರು. ಹೆಂಡತಿ ಇದ್ದಾಗ ಅವಳ ಮುಂದೆ ಬೈದುಕೊಳ್ಳುತ್ತಿದ್ದ, ಅವಳು ಹೋದ ಮೇಲೆ ಬಣ್ಣದ ಡಬ್ಬಿಗಳ ಮುಂದೆ ಬೈದುಕೊಳ್ಳುತ್ತಾನೆ, ಅಷ್ಟೇ ವ್ಯತ್ಯಾಸ. ಆದರೆ ತಾನು ಬರೆದ ಬೋರ್ಡಿಗೆ ಜನ ಕೈ ಮುಗಿಯುತ್ತಾರೆ ಎಂದರೆ ಯಾವ ಚಿತ್ರಕಾರನಿಗೆ ನಗು ಬರುವುದಿಲ್ಲ?

"...ನಾ ಹೇಳಿದ್ನಿಲ್ಲೋ? ನೀನೂ ಅವತ್ತು ತಲಿ ಕೆರಕೊಂಡು ನಿಂತಿದ್ದಿ. ಹಳೇ ಬೋರ್ಡು ನೆನಪೈತಿಲ್ಲೋ? 'ಸಾರ್ವಜನಿಕರ ಅವಗಾಹನೆಗೆ' ಅಂತ ಚಾಲೂ ಆಗಿ, ಇರುವಿ ಸಾಲಿನಂಗ ಅಕ್ಷರ, ಬಿಳೀ ತಗಡಿನ ಮ್ಯಾಲೆ ಬೂದಿ ಬಣ್ಣ. ಓದಿ ಮುಗಿಸೋದ್ರಾಗ ನೀರಡಿಕಿ ಆಗಿ ಅದೇ ಬಾವಿ ನೀರು ಕುಡೀಬೇಕು! ನಾ ಏನು ಮಾಡಿದೆ? ದೂರಿಂದ ಕಾಣ್ಲಿ ಅಂತ ಹಳದಿ. ಹಳದಿ ಮ್ಯಾಲೆ ಕೆಂಪು ದುಂಡಗ. ನಡುವ ಒಂದು ಕೊಡ, ಬೋರಲು ಹಾಕಿದ ಕೊಡ. ಬೋರಲು ಐತಿ ಅಂದ್ರ ತುಂಬಬ್ಯಾಡ ಅಂತ ಅರ್ಥ. ಕಣ್ಣು ಮಂಜಾದ ಮುದುಕಿಗೂ ಕಾಣಬೇಕು, ಸಾಲಿ ಕಟ್ಟಿ ಹತ್ತದಾಕಿಗೂ ತಿಳೀಬೇಕು. ಹೌದಲ್ಲೋ?..."

"...ಅಕ್ಷರದ ಮಾತು ಈಗ್ಯಾಕ? ಅಕ್ಷರ ಬ್ಯಾಡ ಅಂದಮ್ಯಾಲೆ ಬ್ಯಾಡ. ಒಂದು ಸಾಲು ಬಿಟ್ಟುಕೊಟ್ಟಿದ್ರ ಏನಾಗ್ತಿತ್ತು ಗೊತ್ತಿಲ್ಲೇನು ನಿನಗ?..."

ಈ ಮಾತನ್ನು ಗವಿಸಿದ್ದಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿ ಹೇಳಿದ. ವಿರೂಪಾಕ್ಷಪ್ಪನಿಗೆ ಹೆಸರಿನ ಹುಚ್ಚು. ಬೋರ್ಡಿನ ತಲೆಯ ಮೇಲೆ ತನ್ನ ಹೆಸರು, ಕೆಳಗೆ ತನ್ನ ತಂದೆಯ ಹೆಸರು, ಪಕ್ಕದಲ್ಲಿ ಗಿರಣಿಯ ಹೆಸರು ಬರಲೇಬೇಕು ಎಂದು ಹಟ ಹಿಡಿದಿದ್ದ. ಕೊಡಕ್ಕೆ ಜಾಗ ಉಳಿದರೆ ಉಳಿಯಲಿ, ಇಲ್ಲದಿದ್ದರೆ ಇಲ್ಲ. ಗವಿಸಿದ್ದಪ್ಪ ಇಡೀ ಬೇಸಿಗೆ ಜಗಳಾಡಿ, ಕೊನೆಗೆ ಒಂದು ಶಾಸ್ತ್ರವನ್ನೇ ಹುಟ್ಟಿಸಿದ: ಓದು ಬರದವರ ಬೋರ್ಡಿನ ಮೇಲೆ ಅಕ್ಷರವೇ ಇರಕೂಡದು, ಒಂದಕ್ಷರವೂ. 'ನೀರು ಕೆಟ್ಟಿದೆ' ಎಂಬ ಒಂದು ಸಾಲಾದರೂ ಇರಲಿ ಎಂದು ಒಂದಿಬ್ಬರು ಅಂದರು. ಆ ಸಂದಿಯಲ್ಲಿ ಸಾಹುಕಾರನ ಹೆಸರು ನುಗ್ಗುತ್ತದೆ ಎಂಬ ಸಿಟ್ಟಿಗೆ ಅವನು ಆ ಸಾಲನ್ನೂ ಅಳಿಸಿ ಹಾಕಿದ. ಕೊನೆಗೆ ಗೆದ್ದವನು ಅವನೇ.

"...ಏನು? ಕಾಯಿ?... ಕಾಯಿ ಯಾಕ ಒಡೀತಾರ?... ಅರಿಷಿಣ ಕುಂಕುಮ ಹಚ್ಯಾರಾ? ಬೋರ್ಡಿಗಾ?... ಹಾಂ... ಹಾಂ... ಗಂಗಮ್ಮ ತಾಯಿ? ಯಾರು ಹಂಗಂತಾರ?... ಹುಲುಗಮ್ಮಾ? ಅದೇ ಕೆಳಗಿನ ಓಣಿ ಮುದುಕಿ? ಹಳದಿ ಕೆಂಪು ಕಂಡು, ಗಂಗಮ್ಮ ತಾನಾಗೇ ಬಂದು ಕುಂತಾಳ ಅಂದ್ಲಾ?..."

ಅವನ ನಗು ಅರ್ಧಕ್ಕೇ ನಿಂತಿತು. ಎದುರಿನ ಗೋಡೆಯನ್ನು ನೋಡಿದ. ಹಳದಿ ತಗಡು, ಕೆಂಪು ವರ್ತುಲ, ಅದರ ಮೇಲೆ ಸಾಹುಕಾರ್ತಿ ಇಟ್ಟ ಕುಂಕುಮದ ಬೊಟ್ಟು. ಬೆಳಿಗ್ಗೆಯಿಂದ ಕಣ್ಣೆದುರಿಗೇ ಇತ್ತು. ದೂರದಿಂದ ಕಾಣುವ ಬಣ್ಣ ಯಾವುದು ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದ ಅವನಿಗೆ, ಆ ಎರಡು ಬಣ್ಣ ಕೂಡಿದರೆ ಹೆಣ್ಣುಮಕ್ಕಳ ಕಣ್ಣಿಗೆ ಏನಾಗುತ್ತದೆ ಎಂಬುದು ಮಾತ್ರ ಹೊಳೆದಿರಲಿಲ್ಲ.

"...ತಡಿ, ತಡಿ. ಕೈ ಮುಗೀಲಿ, ಕಾಯಿ ಒಡೀಲಿ, ಹಾಳಾಗಿ ಹೋಗ್ಲಿ. ನೀರು? ನೀರು ಸೇದ್ತಾರೋ ಇಲ್ಲೋ?... ಸೇದ್ತಾರಾ?... ಮೊದಲಿಗಿಂತ ಹೆಚ್ಚಾ?... ಮ್ಯಾಲಿನ ಓಣಿಯವರೂ ಬರ್ತಾರಾ? ಆ ಓಣ್ಯಾಗ ಒಳ್ಳೇ ಬಾವಿ ಐತಲ್ಲೋ! ಅದನ್ನ ಬಿಟ್ಟು ಚರಂಡಿ ಬಸಿಯೋ ಬಾವಿಗೆ ಬರ್ತಾರಾ?..."

"...ಮತ್ತ ಕೊಡ? ಕೊಡ ಬೋರಲು ಐತಲ್ಲೋ! ಅದು ಕಾಣೂದಿಲ್ಲೇನು ಅವರಿಗೆ? ಕಣ್ಣಾಗ ಏನು ಇಟ್ಟುಕೊಂಡಾರ?... ಏನು?... ಏನಂದಿ? ಇನ್ನೊಮ್ಮೆ ಹೇಳು... ತಿಕ್ಕಿ ತೊಳೆದ ಕೊಡಾನ ಬೋರಲು ಹಾಕ್ತಾರ... ಅದಕ್ಕ ಇದು ಮಡಿ ನೀರು ಅಂತ... ಹಾಂ."

ಗವಿಸಿದ್ದಪ್ಪನ ಹೆಂಡತಿ ದಿನಾ ಸಂಜೆ ಹುಣಸೆಹಣ್ಣು ಹಾಕಿ ತಾಮ್ರದ ಕೊಡವನ್ನು ತಿಕ್ಕಿ ಹಿತ್ತಲ ಕಟ್ಟೆಯ ಮೇಲೆ ಬೋರಲು ಹಾಕುತ್ತಿದ್ದಳು. ಬೋರ್ಡಿನ ಮೇಲಿನ ಕೊಡ ಅದೇ. ಕಂಠದ ಹತ್ತಿರ ಒಂದು ನೆಗ್ಗು ಇತ್ತು, ಅದನ್ನೂ ಬಿಡದೆ ಬರೆದಿದ್ದ. ಆ ಕೊಡ ಯಾಕೆ ಬೋರಲು ಇರುತ್ತದೆ ಎಂದು ಮಾತ್ರ ಅವನು ಒಂದು ದಿನವೂ ಕೇಳಿರಲಿಲ್ಲ. ನೀರು ಹೊರುವುದು ಗಂಡಸರ ಕೆಲಸವಲ್ಲವಲ್ಲ!

"...ಗಣಪತಿ ಮಾಡಾಕ ಹೋಗಿ ಅವರಪ್ಪನ್ನ ಮಾಡಿದಂಗ ಆತಲ್ಲೋ ಜಡೆಪ್ಪ... ಯಾವ ಹೆಂಗಸಿಗೆ ತೋರಿಸಿ ಕೇಳಿದ್ದೆ? ಯಾರಿಗೂ ಇಲ್ಲ. ನನಗ ಕೇಳಾಕ ಯಾರದಾರ ಮನ್ಯಾಗ?... ಹಾಂ? ಹಾಂ, ಹಲೋ ಎಕ್ಸ್‌ಚೇಂಜಮ್ಮ, ಅದೀನಿ, ಅದೀನಿ! ಮುಂದುವರಿಸ್ರಿ. ಕಟ್ ಮಾಡಬ್ಯಾಡ್ರಿ ನಿಮಗ ಪುಣ್ಯ ಬರ್ತೈತಿ... ಜಡೆಪ್ಪ, ಇದ್ದೀಯಾ? ಈಗ ಸೀದಾ ಹೇಳು. ಅಲ್ಲಿ ಯಾರಿಗಾದ್ರೂ ವಾಂತಿ ಭೇದಿ ಹತ್ತೈತೇನು?..."

"...ಹತ್ತೈತಿ... ಕೆಳಗಿನ ಓಣ್ಯಾಗಾ?... ಮತ್ತ?... ಮತ್ತ ಯಾರು? ಅಡ್ಡಗ್ವಾಡಿ ಮ್ಯಾಲೆ ದೀಪ ಇಟ್ಟಂಗ ಮಾತಾಡಬ್ಯಾಡ, ಮತ್ತ ಯಾರು ಹೇಳು... ನಾ ಕುಂತೀನೋ ನಿಂತೀನೋ ನಿನಗ್ಯಾಕಲೇ? ನಿಂತೀನಿ... ಕುಂದ್ರೂದಿಲ್ಲ. ಹೇಳು."

"...ಕೊಟ್ರವ್ವಗಾ?"

ಗವಿಸಿದ್ದಪ್ಪ ಕುಳಿತ. ಕೊಟ್ರವ್ವ ಅವನ ಒಬ್ಬಳೇ ಮಗಳು. ತಾಯಿಯಿಲ್ಲದ ಮನೆಯಲ್ಲಿ ಬಾಣಂತನ ಮಾಡುವವರು ಯಾರು ಎಂದು, ಚೊಚ್ಚಲ ಹೆರಿಗೆಗೆ ಅವಳನ್ನು ಹಚ್ಚೊಳ್ಳಿಯಲ್ಲಿದ್ದ ತನ್ನ ಅಕ್ಕ ಶಿವಬಸಮ್ಮನ ಮನೆಗೆ ಕಳಿಸಿದ್ದ. ಗಂಡುಮಗು ಹುಟ್ಟಿದ ಸುದ್ದಿ ಬಂದಿತ್ತು. ಸಮಾರಂಭ ಮುಗಿಸಿಕೊಂಡೇ ಹೋಗಿ ಮೊಮ್ಮಗನ ಮುಖ ನೋಡೋಣ ಎಂದು ಇವನು ಇಲ್ಲೇ ಉಳಿದಿದ್ದ.

"...ಹೆಂಗ ಸಾಧ್ಯ ಐತೋ? ನಮ್ಮಕ್ಕ ಬಾಣಂತಿಗೆ ಕಾಸಿ ಆರಿಸಿದ ನೀರು ಬಿಟ್ಟು ಒಂದು ಗುಟುಕು ಕೊಡಾಕಿ ಅಲ್ಲ. ನನಗ ಗೊತ್ತಿಲ್ಲೇನು ನಮ್ಮಕ್ಕ?... ಹಾಂ... ಗಂಗಿಪೂಜಿ? ಯಾವಾಗ?... ಮೊನ್ನೇನಾ? ನನಗ ಹೇಳಿ ಕಳಿಸಲೇ ಇಲ್ಲ... ಹೌದು, ಹೌದು, ಹೇಳಿ ಕಳಿಸಿದ್ರು. ನಾನೇ ಬರಾಕ ಆಗೂದಿಲ್ಲ ಅಂದೆ."

ಬಾಣಂತಿ ಮೊದಲ ಸಲ ಹೊಸ್ತಿಲು ದಾಟಿ ಹೋಗುವುದು ಬಾವಿಗೆ. ಬಾವಿಯ ಕಟ್ಟೆಗೆ ಅರಿಷಿಣ ಕುಂಕುಮ ಹಚ್ಚಿ, ಎಲೆ ಅಡಿಕೆ ಇಟ್ಟು, ಗಂಗೆಯನ್ನು ಪೂಜಿಸಿ, ತಾನೇ ಸೇದಿದ ನೀರನ್ನು ಬೊಗಸೆಯಲ್ಲಿ ಹಿಡಿದು ತೀರ್ಥವೆಂದು ಕುಡಿಯಬೇಕು. ಅಲ್ಲಿಯವರೆಗೆ ಕಾಸಿದ ನೀರಿನ ಕಾವಲು ಎಷ್ಟೇ ಇರಲಿ, ಆ ಹೊತ್ತಿನಲ್ಲಿ ಹಸಿ ನೀರು ಬೇಡ ಎನ್ನುವ ಧೈರ್ಯ ಯಾವ ಮುತ್ತೈದೆಗೂ ಇಲ್ಲ. ಗಂಗೆಗೆ ಅವಮಾನ ಮಾಡಿದಂತಾಗುತ್ತದೆ.

"...ಆತಪ್ಪ, ಪೂಜಿ ಮಾಡ್ಲಿ. ನಮ್ಮಕ್ಕನ ಮನಿ ಮುಂದೇನ ಸೀನೀರ ಬಾವಿ ಐತಲ್ಲೋ! ನಾಲ್ಕು ಹೆಜ್ಜಿ! ಅದನ್ನ ಬಿಟ್ಟು ಊರು ದಾಟಿ ಕೆಳಗಿನ ಬಾವಿಗೆ ಹಸೀ ಬಾಣಂತೀನ್ನ ಕರಕೊಂಡು ಹೋದ್ರಾ? ಬುದ್ಧಿ ಎಲ್ಲಿ ಅಡವು ಇಟ್ಟಿದ್ಲು ನಮ್ಮಕ್ಕ? ಎಲ್ಲರೂ ಗಂಗಮ್ಮ ಗಂಗಮ್ಮ ಅಂದ್ರು, ಈಕಿನೂ ಹೋದ್ಲು, ಹೌದಿಲ್ಲೋ?... ಅಲ್ವಾ?... ಮತ್ತ್ಯಾರು?... ಕೊಟ್ರವ್ವನೇ ಅಂದ್ಲಾ? ಆಕಿನೇ ಹಟ ಮಾಡಿದ್ಲಾ? ಏನಂತ?..."

"...ಏನಂತ ಅಂದ್ಲೋ?... ನಮ್ಮಪ್ಪ ಬರೆದ ಚಿತ್ರ ಇರೋ ಬಾವಿಗೇ ಹೋಗಬೇಕು ಅಂದ್ಲಾ?... ನಮ್ಮವ್ವನ ಕೊಡ ಐತಿ ಅಂದ್ಲಾ?... ಹೆಂಗ ಗುರ್ತು ಹಿಡಿದ್ಲು?... ನೆಗ್ಗು ನೋಡಿ."

ಅವನ ದನಿ ಸಣ್ಣಗಾಯಿತು. ಅವಳಿಗೆ ಹೇಳಿ ಕಳಿಸಿದವನು ಅವನೇ. ಬೋರ್ಡು ಹೊತ್ತು ಹೊರಟಿದ್ದ ಜಡೆಪ್ಪನನ್ನು ತಡೆದು, 'ನಮ್ಮ ಕೊಟ್ರವ್ವಗ ಹೇಳು, ನಿಮ್ಮೂರ ಬಾವಿ ಮ್ಯಾಲೆ ನಿಮ್ಮವ್ವನ ಕೊಡ ಬರೆದೀನಂತ, ನೋಡಿ ಗುರ್ತು ಹಿಡೀತಾಳೇನು ಕೇಳು' ಎಂದಿದ್ದ. ಬದುಕಿನಲ್ಲಿ ಅವನು ಮಗಳಿಗೆ ಕಳಿಸಿದ ಪ್ರೀತಿಯ ಮಾತು ಅದೊಂದೇ ಇರಬೇಕು. ಅದನ್ನೂ ಇನ್ನೊಬ್ಬರ ಬಾಯಲ್ಲಿ ಕಳಿಸಿದ.

"...ನೀ ಹೇಳಲಿಲ್ಲೇನಲೇ ಆಕಿಗೆ, ಇದು ಕೆಟ್ಟ ನೀರಿನ ಗುರ್ತು ಅಂತ? ಬಾಯಾಗ ಏನು ಕಡುಬು ಇಟ್ಟುಕೊಂಡಿದ್ಯಾ?... ನಾ ಹೇಳು ಅಂದಿದ್ನಿಲ್ಲೋ?... ಅಂದಿರಲಿಲ್ಲಾ?... ಹೌದು. ಅಂದಿರಲಿಲ್ಲ. ನೋಡಿದ್ರ ತಿಳೀತೈತಿ ಅಂದಿದ್ದೆ."

"...ಆಕಿ ಏಳನೇತ್ತ ಓದ್ಯಾಳೋ ಜಡೆಪ್ಪ! ಮುತ್ತಿನಂಗ ಓದ್ತಾಳ. ಮೂಲ್ಯಾಗ ಒಂದು ಸಾಲು ಇದ್ದಿದ್ರ, ಒಂದೇ ಒಂದು ಸಾಲು, ಓದಿ ನಿಂತುಬಿಡ್ತಿದ್ಲು. ಓದು ಬರದವರಿಗೆ ಅನುಕೂಲ ಮಾಡಾಕ ಹೋಗಿ ಓದು ಬರೋರ ಕಣ್ಣೂ ಕಟ್ಟಿದೆ... ಸಾವ್ಕಾರನ ಹೆಸರು ಬಂದ್ರ ಬರ್ತಿತ್ತು. ಅವರಪ್ಪಂದೂ ಬರ್ತಿತ್ತು. ಅವರಪ್ಪನ ಅಪ್ಪಂದೂ ಬರ್ಲಿ, ಏನು ಗಂಟು ಹೋಗ್ತಿತ್ತು ನಂದು?..."

ಬಾಗಿಲಲ್ಲಿ ವಿರೂಪಾಕ್ಷಪ್ಪ ಬಂದು ನಿಂತಿದ್ದ. ಹೊಸ ಜರಿ ರುಮಾಲು, ಕೈಯಲ್ಲಿ ಇನ್ನೊಂದು ಹಾರ. ಜೀಪು ಬಂತು, ಫೋನು ಇಡು ಎಂದು ಸನ್ನೆ ಮಾಡಿದ.

"...ಇರ್ರಿ ಸಾವ್ಕಾರ್ರ, ನನ್ನ ಮಗಳಿಗೆ ಆರಾಮಿಲ್ಲ... ನಿನಗಲ್ಲಲೇ, ಇಲ್ಲಿ ಸಾವ್ಕಾರ್ರಿಗೆ ಅಂದೆ. ನೀ ಹೇಳು. ಎಲ್ಲಿ ಅದಾಳೀಗ?... ಸಿರುಗುಪ್ಪ ದವಾಖಾನ್ಯಾಗಾ? ಟ್ರ್ಯಾಕ್ಟರಿನ್ಯಾಗ ಹಾಕ್ಕೊಂಡು ಬಂದ್ರಾ? ಹಸೀ ಮೈ, ಟ್ರ್ಯಾಕ್ಟರಿನ್ಯಾಗ... ಸಲೈನ್ ಹಚ್ಯಾರಾ?... ಮಾತಾಡ್ತಾಳಾ?... ನಿನ್ನೆ ಮಾತಾಡಿದ್ಲು, ಹಾಂ, ಇವತ್ತು?... ಕೈಕಾಲು ತಣ್ಣಗ ಅಂದ್ರ ಎಷ್ಟು ತಣ್ಣಗ?... ಕೂಸು? ಕೂಸು ಎಲ್ಲಿ? ನಮ್ಮಕ್ಕನ ಉಡ್ಯಾಗಾ? ಅಳ್ತೈತಾ?... ಅಳ್ಲಿ ಬಿಡು. ಅಳೋದು ಚೊಲೋ."

"...ಬರ್ತೀನಿ. ಈಗ ಬಸ್ ಸ್ಟ್ಯಾಂಡಿಗೆ ಓಡ್ತೀನಿ. ಅದಕ್ಕೂ ಮೊದಲ ನೀ ಒಂದು ಕೆಲಸ ಮಾಡು. ಆ ಬೋರ್ಡು ಕಿತ್ತು ಒಗಿ... ಹೋಗಿದ್ಯಾ? ಏನಾತು?... ಬಿಡವಲ್ರಾ? ಹುಲುಗಮ್ಮ ಕುಡುಗೋಲು ಹಿಡಕೊಂಡು ನಿಂತಾಳಾ? ದೇವಿ ಮ್ಯಾಲೆ ಕೈ ಹಾಕಿದ್ರ ಕೈ ಕಡೀತೀನಿ ಅಂತಾಳಾ?... ಇದೂ ಬಂತಾ ನನ್ನ ಹಣೇಬರಕ್ಕ! ಹಳೇ ಬೋರ್ಡಿಗೆ ಎಮ್ಮಿ ಮೈ ತಿಕ್ಕಿದ್ರೂ ಕೇಳೋರಿರಲಿಲ್ಲ. ಇದನ್ನ ಕಾಯಾಕ ಕುಡುಗೋಲು!..."

"...ಮತ್ತ ಉಳಿದ ಊರು? ರಾರಾವಿ?... ಅಲ್ಲೂ ಕುಂಕುಮಾನಾ?... ಕರೂರು?... ಕುರುಗೋಡು ಕಡಿಗೆ ಯಾರು ಹೋಗ್ಯಾರ? ಯಾರೂ ಇಲ್ಲಾ?... ಅಯ್ಯೋ, ಅಲ್ಲಿನೂ ಬಾಣಂತ್ಯಾರು ಇರ್ತಾರಲ್ಲೋ! ಎಲ್ಲಾ ಕಡಿಗೂ ನನ್ನ ಕೈಯಾಗಿಂದೇ ಹೋಗ್ಯಾವ ಅವು!"

ಗವಿಸಿದ್ದಪ್ಪ ಎದ್ದು ನಿಂತಿದ್ದ. ವಿರೂಪಾಕ್ಷಪ್ಪ ಹತ್ತಿರ ಬಂದು, ಮೆಲ್ಲಗೆ ಮಾತಾಡು, ದೊಡ್ಡವರು ಮೆಟ್ಟಿಲ ಹತ್ತಿರ ಬಂದರು ಎಂದು ಹಲ್ಲು ಕಚ್ಚಿ ಹೇಳಿದ.

"...ಮೆಲ್ಲಗ ಯಾಕ ಮಾತಾಡ್ಲಿ? ಕೇಳ್ಲಿ ಬಿಡ್ರಿ... ಜಡೆಪ್ಪ, ಕೇಳು, ಡಂಗುರ ಹೊಡಿಸು. ಇವತ್ತ. ಈಗ. ಹಚ್ಚೊಳ್ಳಿ, ರಾರಾವಿ, ಕರೂರು, ಎಲ್ಲಾ ಕಡಿಗೂ ಮಂದೀನ ಓಡಿಸು. ಹಿಂಗ ಸಾರಬೇಕು: ಹಳದಿ ಕೆಂಪು ಬೋರ್ಡು ಇರೋ ಬಾವಿ ನೀರು ವಿಷ. ಯಾರೂ ಬಾಯಿಗೆ ಹಚ್ಚಬ್ಯಾಡ್ರಿ. ಅದು ಗಂಗಮ್ಮ ಅಲ್ಲ, ಬಳ್ಳಾರಿ ಗವಿಸಿದ್ದಪ್ಪ ಮಾಡಿದ ತಪ್ಪು... ಹಾಂ, ಹಂಗ ಹೇಳಿಸು. ನನ್ನ ಹೆಸರು ಹಿಡದು ಹೇಳಿಸು. ಹುಲುಗಮ್ಮ ಬೈಯೋದಾದ್ರ ನನ್ನ ಬೈಲಿ..."

"...ಏನ್ರಿ ಸಾವ್ಕಾರ್ರ?... ಸಂಜಿ ಮಟ ತಡೀಬೇಕಾ? ಅವರು ಶಾಲು ಹೊದಿಸಿ ಹೋಗೋ ಮಟ?... ಅಷ್ಟೊತ್ತಿಗೆ ಎಷ್ಟು ಕೊಡ ತುಂಬತಾವ ಗೊತ್ತೈತೇನ್ರಿ ನಿಮಗ?... ಸಮಿತಿ ಹೆಸರು ಕೆಡತೈತಿ? ಬೋರ್ಡಿನ ಮ್ಯಾಲೆ ಹೆಸರೇ ಇಲ್ಲಲ್ರಿ, ಕೆಡಾಕ! ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ... ಹಲೋ, ಜಡೆಪ್ಪ, ಯಾರ ಮಾತೂ ಕೇಳಬ್ಯಾಡ, ಡಂಗುರ ಹೊಡಿಸು. ಹಲೋ?... ಅದೇನು ಗದ್ದಲ ಅಲ್ಲಿ? ಯಾರು ಬಂದ್ರು ಪೋಸ್ಟ್ ಆಫೀಸಿಗೆ?... ದವಾಖಾನಿಯಿಂದಾ?... ನಮ್ಮಕ್ಕಾ? ಕೂಸು ಎತ್ತಿಕೊಂಡು ಓಡಿ ಬಂದಾಳಾ?..."

"...ಯಾಕ ಬಂದ್ಲು? ಏನಂತಾಳ?... ಬರೇ ಅಳಾಕ ಹತ್ಯಾಳಾ? ಕೊಡು, ಆಕಿ ಕೈಗೆ ಕೊಡು ಫೋನು... ಅಕ್ಕಾ! ಅಕ್ಕಾ, ನಾನು, ಗವಿಸಿದ್ದ. ಅಳಬ್ಯಾಡ, ಮೊದಲ ಹೇಳು. ಕೊಟ್ರವ್ವ ಹೆಂಗ ಅದಾ—"

ಕಿವಿಯಲ್ಲಿ ಕಟ್ ಎಂದಿತು.

ಗವಿಸಿದ್ದಪ್ಪ ಕೆಳಗೆ ನೋಡಿದ. ಟೆಲಿಫೋನಿನ ಗುಂಡಿಯ ಮೇಲೆ ಹವಳದ ಉಂಗುರದ ಬೆರಳೊಂದು ಒತ್ತಿ ನಿಂತಿತ್ತು. ವಿರೂಪಾಕ್ಷಪ್ಪ ಅವನ ಕಡೆ ನೋಡುತ್ತಿರಲಿಲ್ಲ. ಬಾಗಿಲ ಕಡೆ ತಿರುಗಿ, ಬರ್ರಿ ಬರ್ರಿ ಎಂದು ನಗುತ್ತಿದ್ದ. ಮೊದಲು ಒಳಗೆ ಬಂದವರು ಗೋಡೆಯ ಮೇಲಿನ ಬೋರ್ಡನ್ನು ಕಂಡು, ಚಪ್ಪಲಿ ಬಿಟ್ಟು, ಎರಡೂ ಕೈ ಜೋಡಿಸಿದರು.

"ಹಲೋ... ಅಕ್ಕಾ... ಇದ್ದಾಳೋ ಇಲ್ಲೋ, ಅಷ್ಟು ಹೇಳು ಸಾಕು... ಹಲೋ..."